ಹಾಡಿನ ತುದಿಯಲ್ಲಿ ಸಿಕ್ಕಿಬಿದ್ದ ‘ಕ್’

ಮೊದಲು ಟ್ಯೂನೋ, ಮೊದಲು ಮಾತೋ? ಬ್ರಾಡ್‌ವೇ ಸಂಗೀತ ನಾಟಕಗಳ ಸಂಯೋಜಕ ರಿಚರ್ಡ್ ರಾಜರ್ಸ್ ಎರಡೂ ಥರ ಕೆಲಸ ಮಾಡಿದವರು. ಹಾಡು ಬರೆಯುವ ಲೊರೆಂಜ್ ಹಾರ್ಟ್ ಜೊತೆಗಿದ್ದಾಗ ಸಾಮಾನ್ಯವಾಗಿ ಟ್ಯೂನ್ ಮೊದಲು. 1943ರ ‘ಓಕ್ಲಹೋಮಾ!’ಕ್ಕೆ ಇನ್ನೊಬ್ಬ ಸಾಹಿತಿ ಆಸ್ಕರ್ ಹ್ಯಾಮರ್‌ಸ್ಟೈನ್ ಜೊತೆಯಾದಾಗ ಕ್ರಮ ತಿರುಗಿತು. ಹ್ಯಾಮರ್‌ಸ್ಟೈನ್ ಎಷ್ಟೋ ದಿನ ತಿದ್ದಿ ಕೊಟ್ಟ ಸಾಲುಗಳಿಗೆ ರಾಜರ್ಸ್ ಬೇಗ ರಾಗ ಹಾಕಿಬಿಡುತ್ತಿದ್ದರು. ಅದರಲ್ಲಿ ಪವಾಡವೇನಿಲ್ಲ. ಲಯ, ಒತ್ತು, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲ ಆಗಲೇ ಸಾಲಿನೊಳಗೆ ಇರುತ್ತಿತ್ತು.

ಯಾರು ಮೊದಲು ಶುರು ಮಾಡಿದರೂ ಹಾಡಬೇಕಾದ್ದು ಗಂಟಲು. ಅದಕ್ಕೆ ಅದರದೇ ಹಟ.

‘ಕ್’ ಹೇಳಿ ನೋಡಿ. ನಾಲಿಗೆಯ ಹಿಂಭಾಗ ಮೇಲಕ್ಕೆ ಅಂಟಿ ಗಾಳಿಯ ದಾರಿ ಮುಚ್ಚುತ್ತದೆ. ‘ಆ’ವನ್ನು ಉಸಿರು ಇರುವಷ್ಟು ಹೊತ್ತು ಎಳೆಯಬಹುದು, ‘ಕ್’ ಅನ್ನು ಆಗಲ್ಲ. 1945ರ ‘ಕ್ಯಾರಸೆಲ್’ ನಾಟಕದ ಒಂದು ಹಾಡನ್ನು ಹ್ಯಾಮರ್‌ಸ್ಟೈನ್ ‘ಟಾಕ್’ ಎಂಬ ಪದದಲ್ಲಿ ಮುಗಿಸಿದರು. ಹಾಡು ಅಂದುಕೊಂಡಷ್ಟು ಜನಪ್ರಿಯವಾಗಲಿಲ್ಲ. ತಪ್ಪು ಆ ಕೊನೆಯ ವ್ಯಂಜನದ್ದೇ ಇರಬೇಕು ಎಂದು ಆಮೇಲೆ ಅವರೇ ಬರೆದರು. ಒಂದು ಅಕ್ಷರ ಇಡೀ ಹಾಡನ್ನು ಕೆಡಿಸುತ್ತದೆ ಅಂದರೆ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಆದರೆ ಗಾಯಕಿಗೆ ಆಗುವ ಕಷ್ಟ ನಿಜ.

‘ಆ’, ‘ಈ’ ಥರದ ಸ್ವರಾಕ್ಷರಗಳಲ್ಲೂ ಎಲ್ಲವೂ ಒಂದೇ ಅಲ್ಲ. ಬಾಯಿ ಮತ್ತು ಗಂಟಲಿನ ಟೊಳ್ಳು ಕೆಲವು ಕಂಪನಗಳನ್ನು ಹೆಚ್ಚು ಮೊಳಗಿಸುತ್ತದೆ. ಈ ಅನುರಣನಗಳಲ್ಲಿ ಮೊದಲನೆಯದು ‘ಈ’ ಹೇಳುವಾಗ ಸುಮಾರು 300 ಹರ್ಟ್ಸ್ ಆಸುಪಾಸು, ‘ಆ’ಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಹೆಣ್ಣುದನಿ ಪಾಶ್ಚಾತ್ಯ ಸಂಗೀತದ 523 ಹರ್ಟ್ಸ್‌ನ ‘ಸಿ’ ಸ್ವರಕ್ಕೆ ಏರಿದರೆ ಸಾಕು, ಹಾಡಿನ ಶ್ರುತಿ ‘ಈ’ಯ ಆ ಮೊದಲ ಅನುರಣನವನ್ನು ದಾಟಿಬಿಟ್ಟಿರುತ್ತದೆ. ಅದರ ಬಲ ಸಿಗದೆ ದನಿ ಸೊರಗುತ್ತದೆ. ಅದಕ್ಕೇ ಸೊಪ್ರಾನೊ, ಅಂದರೆ ಅತಿ ಎತ್ತರದ ಹೆಣ್ಣುದನಿಯ ಗಾಯಕಿಯರು ಮೇಲಕ್ಕೆ ಹೋದಂತೆ ದವಡೆ ಇಳಿಸಿ ಬಾಯಿ ಅಗಲ ಮಾಡುತ್ತಾರೆ. ಆಗ ಅನುರಣನವೂ ಮೇಲೇರಿ ದನಿ ತುಂಬುತ್ತದೆ. ಆದರೆ ‘ಈ’ ಬರುಬರುತ್ತಾ ‘ಆ’ ಥರ ಕೇಳಿಸುತ್ತದೆ. ತುಂಬ ಎತ್ತರದ ಜಾಗದಲ್ಲಿ ಪದಗಳು ತಿಳಿಯುವುದಿಲ್ಲ ಅಂತ ನಾವು ಗಾಯಕಿಯನ್ನು ಬೈಯುತ್ತೇವೆ, ಅಲ್ವಾ? ಪಾಪ, ಅವರದೇನೂ ತಪ್ಪಿಲ್ಲ.

ನಾಟಕದಲ್ಲಿ ಇದು ದೊಡ್ಡ ತಲೆನೋವು. ಹಾಡಿನ ಮಾತು ಕೇಳದಿದ್ದರೆ ಕಥೆಯೇ ತಪ್ಪಿಹೋಗಬಹುದು. ಹಾಗಾಗಿ ತಿಳಿಯಲೇಬೇಕಾದ ಪದವನ್ನು ನಡುಶ್ರುತಿಯಲ್ಲಿಟ್ಟು, ಎತ್ತರದ ಉದ್ದ ಸ್ವರಕ್ಕೆ ಬಾಯಿ ತೆರೆಯುವ ಅಕ್ಷರ ಕೊಟ್ಟರೆ ಒಳ್ಳೆಯದು. ಸಾಹಿತಿ ಪದ ಬಿಡಲು ಒಪ್ಪದಿದ್ದರೆ ಸಂಯೋಜಕ ಟ್ಯೂನನ್ನು ಆ ಜಾಗದಲ್ಲಿ ಕೆಳಗಿಳಿಸಬೇಕು. ಇಬ್ಬರೂ ಜಗ್ಗದಿದ್ದರೆ ಗಾಯಕಿ ‘ಟಾ’ವನ್ನೇ ಉದ್ದಕ್ಕೆ ಎಳೆದು, ಕೊನೆಯ ಗಳಿಗೆಯಲ್ಲಿ ‘ಕ್’ ಅಂದು ಬಾಯಿ ಮುಚ್ಚುತ್ತಾಳೆ.