ನಾಲ್ಕೂವರೆ ಸ್ಟಾರ್ ಇರುವ ಆಟ ನಮ್ಮ ಫೋನಿನಲ್ಲಿ ಯಾಕೆ ಕುಂಟುತ್ತದೆ?

ಓದುಗರ ಪ್ರಶ್ನೆ: "ನಾವು ಕಲಬುರಗಿಯವರು, ಆಳಂದ ರೋಡ್ ಕಡೆ ಮನಿ. ರಜಾದಾಗ ಹುಡುಗರು ಬ್ರೌಸರಿನ್ಯಾಗೇ ಫ್ರೀ ಗೇಮ್ ಆಡ್ತಾರ. ಆಡಿದವರೆಲ್ಲ ಭಾರಿ ಅದ ಅಂತ ಬರದಿರ್ತಾರ. ನಮ್ಮ ಫೋನಿನ್ಯಾಗ ನೋಡಿದ್ರ ಬರೀ ಅಡ್ವರ್ಟೈಸು, ನಡುನಡುವ ನಿಂತೇ ಬಿಡ್ತದ. ಆಡಿದವರ ಮಾತು ನಂಬಬೇಕೋ ಬ್ಯಾಡೋ? ಖರೇನೇ ಫ್ರೀ ಅದಾ ಏನ್ರಿ?"

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಬರಲೇಬೇಕು. ಬಿಸಿಲಿಗೆ ಹೆದರಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. 42 ಡಿಗ್ರಿಯಲ್ಲಿ ಮಕ್ಕಳನ್ನು ಯಾರು ಹೊರಗೆ ಬಿಡುತ್ತಾರೆ? ಕೂಲರ್ ಮುಂದೆ ಒಂದೇ ಫೋನು, ಅದರ ಮೇಲೆ ಬಾಗಿದ ಮೂರು ತಲೆ. ಅವರು ಏನು ಆಡುತ್ತಿದ್ದಾರೆ ಅಂತ ತಂದೆತಾಯಿ ಕೇಳುವುದು ಒಳ್ಳೆಯದೇ.

ಆಡಿದವರ ಮಾತು ನಂಬಿ, ಸ್ಟಾರ್ ನಂಬಬೇಡಿ. ಬರೆದವರು ಸಾಮಾನ್ಯವಾಗಿ ಸುಳ್ಳು ಬರೆದಿರುವುದಿಲ್ಲ. ಆದರೆ ಅವರು ಹೇಳಿದ್ದು ಅವರ ಫೋನಿನ, ಅವರ ನೆಟ್ಟಿನ, ಅವರು ಆಡಿದ ಆ ದಿನದ ಮಾತು. ಸ್ಟಾರ್ ಒತ್ತುವವರು ಹೆಚ್ಚಾಗಿ ಗೆದ್ದ ಖುಷಿಯಲ್ಲಿ, ಮೊದಲ ಹತ್ತು ನಿಮಿಷದಲ್ಲೇ ಒತ್ತಿರುತ್ತಾರೆ. ಬೇಸರವಾದವರು ಸುಮ್ನೆ ಪುಟ ಮುಚ್ಚಿ ಹೋಗಿರುತ್ತಾರೆ, ಅವರ ಲೆಕ್ಕ ಎಲ್ಲೂ ಸೇರುವುದಿಲ್ಲ.

ಮೊದಲು ನಿಂತು ನಿಂತು ಆಡುವ ವಿಷಯ ನೋಡೋಣ. ಹಾವಿನ ಆಟ ಗೊತ್ತಲ್ವಾ, 2016ರಲ್ಲಿ ಬಂದ ಸ್ಲಿದರ್ ಡಾಟ್ ಐಒ? ಅಂಥ ಆಟದಲ್ಲಿ ನಿಮ್ಮ ಹಾವಿನ ಜೊತೆ ಬೇರೆ ಬೇರೆ ಊರಿನವರ ಹಾವೂ ಓಡಾಡುತ್ತಿರುತ್ತದೆ. ಎಲ್ಲರ ಹಾವೂ ಎಲ್ಲಿದೆ ಅಂತ ಲೆಕ್ಕ ಇಡುವುದು ದೂರದ ಒಂದು ಸರ್ವರ್. ಆ ಸರ್ವರ್ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿದೆ ಅಂತಿಟ್ಟುಕೊಳ್ಳಿ. ಕಲಬುರಗಿಯಿಂದ ನೇರ ಅಳೆದರೂ ಸುಮಾರು 7,000 ಕಿಲೋಮೀಟರ್. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಿ ಬರಲು ಕಡಿಮೆ ಅಂದರೂ 70 ಮಿಲಿಸೆಕೆಂಡ್, ಅಂದರೆ ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 70 ಪಾಲು, ಬೇಕು. ಕೇಬಲ್ ಸಮುದ್ರದಡಿ ಸುತ್ತಿ ಬರುತ್ತದೆ, ನಮ್ಮ ಕಡೆ ಟವರಿನ ಮೇಲೆ ಸಂಜೆ ಜನ ಜಾಸ್ತಿ. ಎಲ್ಲ ಸೇರಿ ಅದು ಇನ್ನೂರಕ್ಕೆ ಹತ್ತಿರ ಹೋದರೆ ಆಶ್ಚರ್ಯವಿಲ್ಲ. ಹುಡುಗ ಬೆರಳು ತಿರುಗಿಸಿದ ಮೇಲೆ ಹಾವು ತಿರುಗುವಷ್ಟರಲ್ಲಿ ಅದರ ತಲೆ ಇನ್ನೊಂದಕ್ಕೆ ಬಡಿದಿರುತ್ತದೆ. ಜರ್ಮನಿಯಲ್ಲಿ ಕೂತು ಆಡಿದವನು "ತುಂಬಾ ಸಲೀಸು" ಅಂತ ಬರೆದದ್ದೂ ನಿಜ, ನಿಮ್ಮ ಮಗ ಸೋತು ಅತ್ತದ್ದೂ ನಿಜ. ಆಟದಲ್ಲಿ ಸರ್ವರ್ ಆರಿಸಲು ಬಿಟ್ಟಿದ್ದರೆ ಭಾರತ ಅಥವಾ ಸಿಂಗಾಪುರ ಆರಿಸಿ. ಒಬ್ಬರೇ ಆಡುವ ಆಟಕ್ಕೆ ಈ ತೊಂದರೆ ಇಲ್ಲ. ಒಮ್ಮೆ ಇಳಿದರೆ ಅದು ನಿಮ್ಮ ಫೋನಿನಲ್ಲೇ ಓಡುತ್ತದೆ.

ಇನ್ನೊಂದು ಗೋಜಲು ಹೆಸರಿನದು. ಅಂಕಿ ಜೋಡಿಸುವ 2048 ಆಟವನ್ನು ಇಟಲಿಯ 19 ವರ್ಷದ ಹುಡುಗ ಗೇಬ್ರಿಯೆಲೆ ಚಿರುಲಿ 2014ರ ಮಾರ್ಚ್‌ನಲ್ಲಿ ಮಾಡಿದ. ಕೋಡನ್ನು ಯಾರು ಬೇಕಾದರೂ ಬಳಸಲಿ ಅಂತ ಎಲ್ಲರ ಮುಂದಿಟ್ಟ. ದೊಡ್ಡ ಮನಸ್ಸಿನ ಕೆಲಸ, ನನಗೆ ಈಗಲೂ ಅವನ ಮೇಲೆ ಗೌರವ. ಆದರೆ ಅದರ ಫಲವಾಗಿ ಇವತ್ತು 2048 ಅಂತ ಹುಡುಕಿದರೆ ಲೆಕ್ಕವಿಲ್ಲದಷ್ಟು ನಕಲು ಸಿಗುತ್ತವೆ. ಕೆಲವು ನೀಟಾಗಿವೆ, ಕೆಲವು ಅಂಕಿಗಿಂತ ಜಾಹೀರಾತನ್ನೇ ಜಾಸ್ತಿ ತೋರಿಸುತ್ತವೆ. ಹೊಗಳಿಕೆ ಒಂದರ ಬಗ್ಗೆ, ನೀವು ತೆರೆದದ್ದು ಇನ್ನೊಂದು. ಹಾಗಾಗಿ ಆಟದ ಹೆಸರಿನ ಜೊತೆ ಅದು ಯಾವ ಸೈಟಿನದು ಅನ್ನೋದನ್ನೂ ನೋಡಿ.

ಬರೆದ ತಾರೀಕೂ ನೋಡಿ. ಹಳೆಯ ಬ್ರೌಸರ್ ಆಟಗಳು ಹೆಚ್ಚಾಗಿ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್ ಮೇಲೆ ನಿಂತಿದ್ದವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದನ್ನು ಕೈಬಿಟ್ಟಿತು. 2012ರಲ್ಲಿ ಬರೆದ ಮೆಚ್ಚುಗೆ ಇದ್ದರೆ ಅದು ಆಗಿನ ಆಟದ್ದು. ಈಗ ನಿಮಗೆ ಸಿಗುವುದು ಹೊಸದಾಗಿ ಮಾಡಿದ್ದೋ, ರಫಲ್‌ನಂಥ ಸಾಫ್ಟ್‌ವೇರ್ ಮೇಲೆ ಹೇಗೋ ಓಡುವ ಹಳೆಯದ್ದೋ ಆಗಿರುತ್ತದೆ.

ಈಗ ಜಾಹೀರಾತು. ಆಡಿದವರ ದೂರುಗಳಲ್ಲಿ ಎದ್ದು ಕಾಣುವುದು ಇದೇ. ನೆದರ್ಲೆಂಡ್ಸ್‌ನ ಪೋಕಿ, ಬೆಲ್ಜಿಯಂನ ಕ್ರೇಜಿಗೇಮ್ಸ್ ತರಹದ ಸೈಟುಗಳು ನಿಮ್ಮಿಂದ ಕಾಸು ಕೇಳುವುದಿಲ್ಲ. ಜಾಹೀರಾತಿನಿಂದ ಬಂದ ಹಣದಲ್ಲಿ ಸೈಟಿಗೊಂದು ಪಾಲು, ಆಟ ಮಾಡಿದವರಿಗೊಂದು ಪಾಲು. ಇದರಲ್ಲಿ ತಪ್ಪೇನಿಲ್ಲ, ಆಟ ಮಾಡಿದವನೂ ಊಟ ಮಾಡಬೇಕಲ್ವಾ. ಆದರೆ ಆ ಜಾಹೀರಾತು ಯಾವಾಗ ಬರುತ್ತದೆ ಅನ್ನೋದೇ ಮುಖ್ಯ. ಒಂದು ಹಂತ ಮುಗಿದಾಗ ಬಂದರೆ ಯಾರೂ ಬೈಯುವುದಿಲ್ಲ. ಸೋತಾಗಲೆಲ್ಲ ಬಂದರೆ ಮಕ್ಕಳು ಆಡಿದ್ದಕ್ಕಿಂತ ನೋಡಿದ್ದೇ ಜಾಸ್ತಿ ಆಗುತ್ತದೆ. "ಈ ವೀಡಿಯೋ ನೋಡಿ, ಇನ್ನೊಂದು ಜೀವ ತಗೊಳ್ಳಿ" ಅನ್ನುವ ಆಟದಲ್ಲಿ ಮುಂದಿನ ಹಂತವನ್ನು ಬೇಕಂತಲೇ ಕಷ್ಟ ಮಾಡಿರುವುದೂ ಉಂಟು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡ ಮನೆಯಲ್ಲಿ ಈ ವೀಡಿಯೋಗಳೇ ಡೇಟಾ ತಿನ್ನುತ್ತವೆ. ಸಂಜೆ ಅಮ್ಮ ಊರಿಗೆ ವೀಡಿಯೋ ಕಾಲ್ ಮಾಡಲು ಹೋದರೆ ನೆಟ್ಟೇ ಇರುವುದಿಲ್ಲ. ಫ್ರೀ ಆಟಕ್ಕೆ ನೀವು ಕೊಡುವ ಬೆಲೆ ಇದು. ಆದ್ದರಿಂದ "ಸೂಪರ್", "ವೇಸ್ಟ್" ಅಂತ ಬರೆದದ್ದನ್ನು ದಾಟಿ ಹೋಗಿ. "ಐದನೇ ಹಂತದ ತನಕ ಚೆನ್ನಾಗಿತ್ತು, ಆಮೇಲೆ ಬರೀ ಆಡ್" ಅಂತ ಬರೆದವರು ನಿಮಗೆ ಬೇಕಾದವರು. ಅವರು ಕೂತು ಆಡಿದ್ದಾರೆ.

"ನನ್ನ ಹಂತವೆಲ್ಲ ಹೋಯಿತು" ಅನ್ನುವ ದೂರೂ ತುಂಬಾ ಸಿಗುತ್ತದೆ. ಲಾಗಿನ್ ಇಲ್ಲದ ಆಟ ಎಲ್ಲಿಗೆ ಬಂದಿದ್ದೀರಿ ಅನ್ನೋದನ್ನು ಆ ಬ್ರೌಸರ್ ಒಳಗೇ ಬರೆದಿಡುತ್ತದೆ. ಫೋನ್ ತುಂಬಿತು ಅಂತ ಹಿಸ್ಟರಿ ಜೊತೆ ಸೈಟ್ ಡೇಟಾವನ್ನೂ ಅಳಿಸಿದರೆ ಅದೂ ಹೋಗುತ್ತದೆ. ಬ್ರೌಸರಿನಲ್ಲಿ ಜಾಡು ಉಳಿಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಆಡಿದರೆ ಮುಚ್ಚಿದ ಕೂಡಲೇ ಹೋಗುತ್ತದೆ.

ಖರೇನೇ ಫ್ರೀ ಇರುವುದೂ ಇದೆ. ಚೆಸ್ ಇಷ್ಟಪಡುವ ಮಗುವಿಗೆ ಲಿಚೆಸ್ ತೋರಿಸಿ. ಫ್ರಾನ್ಸಿನ ಥಿಬೋ ದುಪ್ಲೆಸಿ 2010ರಲ್ಲಿ ಶುರುಮಾಡಿದ್ದು. ಜನ ಕೊಡುವ ದೇಣಿಗೆಯಲ್ಲಿ ನಡೆಯುತ್ತದೆ, ಒಂದೂ ಜಾಹೀರಾತಿಲ್ಲ, ಕಾಸು ಕೊಟ್ಟವರಿಗೆ ಅಂತ ಬೇರೆ ಸೌಲಭ್ಯವೂ ಇಲ್ಲ. ನೆಟ್ ಹೋದಾಗ ಕ್ರೋಮ್‌ನಲ್ಲಿ ಬರುವ ಡೈನೋಸಾರ್ ಆಟಕ್ಕಂತೂ ಡೇಟಾನೂ ಬೇಡ.

ಎರಡು ಕಡೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಆಟ ತೆರೆಯುವ ಮೊದಲೇ "ಅಲೋ ಒತ್ತಿದರೆ ಮಾತ್ರ ಮುಂದೆ" ಅಂತ ಬಂದರೆ ಒತ್ತಬೇಡಿ. ಅದು ನೋಟಿಫಿಕೇಶನ್ ಕಳಿಸಲು ಕೇಳುವ ಒಪ್ಪಿಗೆ. ಒಮ್ಮೆ ಕೊಟ್ಟರೆ ರಾತ್ರಿ ಹನ್ನೊಂದಕ್ಕೂ "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ಗಂಟೆ ಬಾರಿಸುತ್ತಿರುತ್ತದೆ. ಈಗಾಗಲೇ ಒತ್ತಿದ್ದರೆ ಕ್ರೋಮ್ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ಸೈಟನ್ನು ಬ್ಲಾಕ್ ಮಾಡಿ.

ಎರಡನೆಯದು, ಹಣ ಹಾಕಿ ಹಣ ಗೆಲ್ಲಿ ಅನ್ನುವ ಆಟ. ಅದರ ಕೆಳಗೆ ಎಷ್ಟೇ ಜನ "ನನಗೆ ಸಾವಿರ ಬಂತು" ಅಂತ ಬರೆದಿರಲಿ, ಓದಲೂ ಹೋಗಬೇಡಿ. ಇಂಥ ಆಟ ನಡೆಸುವುದನ್ನೂ ಅದರ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ ನಿಮ್ಮಿಂದಲೇ ಒಂದು ಕೆಲಸ ಆಗಬೇಕು. ಮಕ್ಕಳು ಆಡಿದ ಆಟದ ಬಗ್ಗೆ ನೀವೂ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ. ಹೀಗಿದ್ದರೆ ಸಾಕು: "ನಾಲ್ಕು ವರ್ಷದ ಹಳೆಯ ಫೋನು, 4ಜಿ ನೆಟ್ಟು, ಕಲಬುರಗಿ. ಮಧ್ಯಾಹ್ನ ಸಲೀಸಾಗಿ ಓಡಿತು, ಸಂಜೆ ಏಳರ ಮೇಲೆ ನಿಂತಿತು. ಮೂರನೇ ಹಂತದಿಂದ ಸೋತಾಗಲೆಲ್ಲ ಜಾಹೀರಾತು. ಮರುದಿನ ತೆರೆದರೆ ಬಿಟ್ಟ ಹಂತದಲ್ಲೇ ಇತ್ತು." ಸೇಡಂನಲ್ಲೋ ಶಹಾಪುರದಲ್ಲೋ ಅಂಥದ್ದೇ ಫೋನ್ ಹಿಡಿದ ಇನ್ನೊಬ್ಬ ತಾಯಿಗೆ ನಾಲ್ಕೂವರೆ ಸ್ಟಾರ್‌ಗಿಂತ ಇದು ಎಷ್ಟೋ ಉಪಯೋಗಕ್ಕೆ ಬರುತ್ತದೆ.