ಸಂಬಳದ ಸಾಲಿನಲ್ಲಿ ಸೊನ್ನೆ

ತಾವು ಮಾಡಿದ್ದನ್ನು ಯಾರು ಬೇಕಾದರೂ ಬಳಸಲು, ಬದಲಿಸಲು, ಹಂಚಲು ಬಿಡುವ ಮುಕ್ತ ಯೋಜನೆಗಳಿಗೆ ಹಣ ಹೊಂದಿಸುವ ಬಗ್ಗೆ ಸಲಹೆ ಕೊಡುವುದು ನನ್ನ ವೃತ್ತಿ. ಯಾರಾದರೂ ಆಯವ್ಯಯ ಪಟ್ಟಿ ತಂದು ಮುಂದಿಟ್ಟರೆ ನನ್ನ ಕಣ್ಣು ಮೊದಲು ಹೋಗುವುದು ಸಂಬಳದ ಸಾಲಿಗೆ. ಬಹಳ ಸಲ ಅಲ್ಲಿ ಸೊನ್ನೆ ಇರುತ್ತದೆ. ಏಕೆಂದು ಕೇಳಿದರೆ, ‘ನಮ್ಮದು ಲಾಭಕ್ಕಾಗಿ ಮಾಡುವ ಕೆಲಸವಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಹೇಳುವವರ ಮೇಲೆ ನನಗೆ ಗೌರವವಿದೆ. ಆದರೆ ಈ ಒಂದು ಮಾತು ಎಷ್ಟು ಒಳ್ಳೆಯ ಕೆಲಸಗಳನ್ನು ನುಂಗಿದೆ ಎಂದು ನೆನೆದರೆ ಸಿಟ್ಟು ಬರುತ್ತದೆ.

ಲಾಭದ ಉದ್ದೇಶವಿಲ್ಲ ಎಂದರೆ ಉಳಿದ ಹಣವನ್ನು ಯಾರೂ ಹಂಚಿಕೊಳ್ಳುವುದಿಲ್ಲ ಎಂದರ್ಥ. ಹಣ ಉಳಿಯಲೇಬಾರದು ಎಂದಲ್ಲ. ದುಡಿದವರಿಗೆ ಕೊಡುವ ಸಂಬಳ ಲಾಭವಲ್ಲ, ಖರ್ಚು. ಕಷ್ಟದ ವರ್ಷಕ್ಕೆಂದು ತೆಗೆದಿಟ್ಟದ್ದು ಲಾಭವಲ್ಲ, ಮೀಸಲು ನಿಧಿ. ಮುಂದಿನ ಮಾದರಿಯ ಪರೀಕ್ಷೆಗೆ ಬೇಕಾಗುತ್ತದೆಂದು ಇಂದಿನ ಬೆಲೆಗೆ ಸೇರಿಸಿದ ಮೊತ್ತವೂ ಲಾಭವಲ್ಲ. ಆ ಹಣ ಸ್ಥಾಪಕರ ಅಥವಾ ಹೂಡಿಕೆದಾರರ ಜೇಬು ಸೇರಿದಾಗ ಮಾತ್ರ ಲಾಭದ ಪ್ರಶ್ನೆ ಏಳುತ್ತದೆ. ಇದನ್ನು ಒಂದೇ ಗುಂಪಿಗೆ ಮೂರು ಸಲ ಹೇಳಿದ್ದುಂಟು. ನಾಲ್ಕನೆಯ ಸಲವೂ ಅದೇ ಸೊನ್ನೆ ಬಂದದ್ದುಂಟು. ಎಷ್ಟು ಉಳಿಸಿಕೊಳ್ಳಬಹುದು, ಯಾವ ಮಾರಾಟಕ್ಕೆ ತೆರಿಗೆ ಬೀಳುತ್ತದೆ ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅದನ್ನು ನಿಮ್ಮ ಲೆಕ್ಕಪರಿಶೋಧಕರನ್ನೇ ಕೇಳಬೇಕು.

ಕೆಲವು ವರ್ಷಗಳ ಹಿಂದೆ ನಾಲ್ವರ ತಂಡವೊಂದು ನನ್ನಲ್ಲಿಗೆ ಬಂದಿತ್ತು. ನೀರಿನ ಕಲಕು ಅಳೆಯುವ ಅಗ್ಗದ ಉಪಕರಣವೊಂದನ್ನು ಅವರು ರೂಪಿಸಿದ್ದರು. ವಿನ್ಯಾಸವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ಮಾಡಿಕೊಳ್ಳಬಹುದಿತ್ತು. ಬೆಸುಗೆ ಹಾಕಲು ಬಾರದವರು ಸಿದ್ಧ ಕಿಟ್ ಕೇಳಿದಾಗ ಬಿಡಿಭಾಗಗಳ ಬೆಲೆಗೇ ಕೊಟ್ಟರು. ಹಾದಿಯಲ್ಲಿ ಒಡೆದದ್ದಕ್ಕೆ ಬದಲಿ ಕಳುಹಿಸುವುದು, ಪ್ರತಿಯೊಂದರ ಅಳತೆಯನ್ನೂ ತಾಳೆ ನೋಡುವುದು, ‘ದೀಪ ಹತ್ತುತ್ತಿಲ್ಲ’ ಎಂದು ಬರೆದವರಿಗೆ ರಾತ್ರಿ ಕೂತು ಉತ್ತರಿಸುವುದು ಯಾವುದೂ ಲೆಕ್ಕಕ್ಕೆ ಸೇರಿರಲಿಲ್ಲ. ಹೀಗಾಗಿ ಒಂದೊಂದು ಕಿಟ್ಟಿಗೂ ಅವರು ಕೈಯಿಂದ ಹಣ ಹಾಕುತ್ತಿದ್ದರು. ಬೇಡಿಕೆ ಇಮ್ಮಡಿಯಾದಾಗ ನಷ್ಟವೂ ಇಮ್ಮಡಿಯಾಯಿತು.

ಬೆಲೆ ಏರಿಸಿ ಎಂದೆ. ತಂಡದ ಹಿರಿಯ ಮಹಿಳೆ ನೊಂದುಕೊಂಡರು. ‘ಹಾಗಾದರೆ ನಾವೂ ವ್ಯಾಪಾರಕ್ಕೆ ಇಳಿದಂತಾಗಲಿಲ್ಲವೇ?’

ಅವರ ನೋವು ನನಗೆ ಅರ್ಥವಾಗುತ್ತದೆ. ಮುಕ್ತವಾದದ್ದಕ್ಕೆ ಬೆಲೆ ಇರಬಾರದು ಎಂಬುದು ತಂತ್ರಾಂಶದ ಲೋಕದಲ್ಲಿ ಕಲಿತ ಪಾಠ. ಅಲ್ಲಿ ಒಂದು ಪ್ರತಿಯಿಂದ ಸಾವಿರ ಪ್ರತಿ ಮಾಡಲು ಖರ್ಚು ಇಲ್ಲವೆಂದೇ ಹೇಳಬಹುದು. ಉಪಕರಣಕ್ಕೆ, ಬೀಜಕ್ಕೆ, ಔಷಧಕ್ಕೆ ಆ ಮಾತು ಸಲ್ಲದು. ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯ ಸರ್ನ್ 2011ರಲ್ಲಿ ಮುಕ್ತ ಯಂತ್ರಾಂಶಕ್ಕೆಂದೇ ಒಂದು ಪರವಾನಗಿ ಹೊರತಂದಿತು. ಅದು ಮುಕ್ತಗೊಳಿಸುವುದು ವಿನ್ಯಾಸವನ್ನು. ಆ ವಿನ್ಯಾಸದಂತೆ ಮಾಡಿದ ವಸ್ತುವನ್ನು ಮಾರಬಾರದೆಂದು ಅದು ಹೇಳುವುದಿಲ್ಲ. ನಕ್ಷೆ ಎಲ್ಲರದು, ತಯಾರಾದ ವಸ್ತುವಿಗೆ ಬೆಲೆಯುಂಟು. ಬೆಲೆ ಹೆಚ್ಚಾಯಿತೆನಿಸಿದವರು ನಕ್ಷೆ ನೋಡಿ ತಾವೇ ಮಾಡಿಕೊಳ್ಳಬಹುದು. ಆ ದಾರಿ ತೆರೆದಿರುವವರೆಗೂ ಮಾರಾಟದಿಂದ ಯೋಜನೆಯ ಮುಕ್ತತನಕ್ಕೆ ಕುಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದನ್ನು ಪ್ರತಿಯೊಬ್ಬರಲ್ಲೂ ಕೇಳುತ್ತೇನೆ: ನಿಮ್ಮ ಖರ್ಚು ಒಂದು ದಿನ ಮುಗಿಯುತ್ತದೆಯೇ? ಜರ್ಮನ್ ಸಂಗೀತ ರಚನಕಾರ ಬಾಖ್‌ನ ಕೃತಿಯೊಂದನ್ನು ಪಿಯಾನೊದಲ್ಲಿ ನುಡಿಸಿ, ಸ್ವರಲಿಪಿಯ ಸಮೇತ ಎಲ್ಲ ಹಕ್ಕು ಬಿಟ್ಟು 2012ರಲ್ಲಿ ಲೋಕಕ್ಕೆ ಕೊಟ್ಟ ಯೋಜನೆಯೊಂದಿದೆ. ಜನರಿಂದ ಮುಂಗಡವಾಗಿ ಹಣ ಕೂಡಿಸಿ ಅದನ್ನು ಮಾಡಿದರು. ಧ್ವನಿಮುದ್ರಣ ಆದ ಮೇಲೆ ದೊಡ್ಡ ಖರ್ಚಿಲ್ಲ. ಅಂಥ ಕೆಲಸಕ್ಕೆ ಒಂದು ಸಲದ ವಂತಿಗೆ ಸಾಕು. ಬೀಜದ ಕತೆ ಹಾಗಲ್ಲ. ಅಮೆರಿಕದ ಓಪನ್ ಸೋರ್ಸ್ ಸೀಡ್ ಇನಿಶಿಯೇಟಿವ್ 2014ರಲ್ಲಿ 14 ಬೆಳೆಗಳ 36 ತಳಿಗಳನ್ನು, ಇತರರ ಬಳಕೆಗೆ ಯಾರೂ ಅಡ್ಡಿ ಮಾಡಬಾರದೆಂಬ ಮುಕ್ತ ಪ್ರತಿಜ್ಞೆಯೊಂದಿಗೆ ಬಿಡುಗಡೆ ಮಾಡಿತು. ತಳಿಯನ್ನು ಮುಕ್ತವೆಂದು ಘೋಷಿಸಲು ಒಂದು ಕಾಗದ ಸಾಕು. ಅದನ್ನು ಜೀವಂತ ಇಡಲು ಮತ್ತೆ ಮತ್ತೆ ಬಿತ್ತಬೇಕು, ಬೇರೆ ತಳಿಯ ಪರಾಗ ಸೋಕದಂತೆ ಕಾಯಬೇಕು. ಈರುಳ್ಳಿ ಬೀಜವನ್ನು ಸಾಮಾನ್ಯವಾಗಿ ಇಟ್ಟರೆ ಒಂದೆರಡು ವರ್ಷಕ್ಕೇ ಮೊಳೆಯುವ ಶಕ್ತಿ ಕುಗ್ಗುತ್ತದೆ. ಹೊಲದಲ್ಲಿ ನಿಲ್ಲುವವರಿಗೆ ಪ್ರತಿ ಹಂಗಾಮಿಗೂ ಕೂಲಿ ಕೊಡಲೇಬೇಕು.

ವಿಕಿಪೀಡಿಯದ ಬೆನ್ನಿಗಿರುವ ವಿಕಿಮೀಡಿಯ ಪ್ರತಿಷ್ಠಾನ ಇದನ್ನು ಚೆನ್ನಾಗಿ ಅರಿತಿತ್ತು. ವರ್ಷ ವರ್ಷದ ದೇಣಿಗೆಯ ಜೊತೆಗೆ 2016ರಲ್ಲಿ ದೀರ್ಘಕಾಲಕ್ಕೆಂದು ಕೂಡಿಡುವ ದತ್ತಿನಿಧಿಯೊಂದನ್ನು ಆರಂಭಿಸಿ, 10 ಕೋಟಿ ಡಾಲರ್ ಗುರಿಯನ್ನು 2021ರಲ್ಲಿ ಮುಟ್ಟಿತು. ಅಷ್ಟು ದೊಡ್ಡ ನಿಧಿ ನಿಮಗೆ ಬೇಕಿಲ್ಲ. ಆರು ತಿಂಗಳ ಖರ್ಚಿನಷ್ಟು ಮೀಸಲು ಇದ್ದರೆ ನಾನು ನೆಮ್ಮದಿಯಿಂದ ಮುಂದಿನ ಪುಟ ತಿರುಗಿಸುತ್ತೇನೆ.

ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರ ನನ್ನಲ್ಲಿಲ್ಲ. ಆದರೂ ಸಣ್ಣ ಕೈಗಳ ಮೇಲೆ ನನಗೆ ನಂಬಿಕೆ ಹೆಚ್ಚು. 1938ರಲ್ಲಿ ಅಮೆರಿಕದಲ್ಲಿ ಪೋಲಿಯೊ ವಿರುದ್ಧ ಹುಟ್ಟಿದ ಪ್ರತಿಷ್ಠಾನ ಜನಸಾಮಾನ್ಯರಿಂದ ಹತ್ತು ಸೆಂಟಿನ ನಾಣ್ಯಗಳನ್ನು ಬೇಡಿತು. ಆ ನಾಣ್ಯಗಳೇ ಪೋಲಿಯೊ ಲಸಿಕೆ ರೂಪಿಸಿದ ವಿಜ್ಞಾನಿ ಜೋನಸ್ ಸಾಲ್ಕ್ ಅವರ ಸಂಶೋಧನೆಯನ್ನೂ, ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡ 1954ರ ಲಸಿಕೆ ಪರೀಕ್ಷೆಯನ್ನೂ ಹೊತ್ತವು. ಲಸಿಕೆಗೆ ಪೇಟೆಂಟ್ ಪಡೆಯಲಿಲ್ಲ. ಆದರೆ ಪ್ರಯೋಗಾಲಯದವರು ಸಂಬಳವಿಲ್ಲದೆ ದುಡಿಯಲಿಲ್ಲ. ಅದೇ ರೀತಿ, ಕಡೆಗಣಿಸಿದ ರೋಗಗಳಿಗೆ ಔಷಧ ರೂಪಿಸಲೆಂದು 2003ರಲ್ಲಿ ಹುಟ್ಟಿದ ಡಿಎನ್‌ಡಿಐ ಸಂಸ್ಥೆ ಸನೋಫಿ ಕಂಪನಿಯೊಡನೆ ಸೇರಿ 2007ರಲ್ಲಿ ಪೇಟೆಂಟ್ ಇಲ್ಲದ ಮಲೇರಿಯಾ ಮಾತ್ರೆ ತಂದಿತು. ವಯಸ್ಕರ ಚಿಕಿತ್ಸೆ ಒಂದು ಡಾಲರಿನೊಳಗೆ ಮುಗಿಯಬೇಕೆಂಬುದು ಗುರಿ. ಸರ್ಕಾರಗಳ ಮತ್ತು ಖಾಸಗಿ ದಾನಿಗಳ ಹಣ ನಿಂತಿದ್ದುದರಿಂದಲೇ ಅಂಥ ಬೆಲೆಯ ಮಾತು ಆಡಲು ಸಾಧ್ಯವಾಯಿತು.

ಸ್ವಂತ ಸಂಸ್ಥೆ ಕಟ್ಟಲಾಗದವರು ಬೇರೊಂದು ಸಂಸ್ಥೆಯ ಖಾತೆಯಲ್ಲಿ ಹಣ ಇಡುವುದುಂಟು. ಸಣ್ಣ ತಂಡಗಳಿಗೆ ಅದು ಒಳ್ಳೆಯ ದಾರಿ, ಆದರೆ ಒಪ್ಪಂದವನ್ನು ಪೂರ್ತಿ ಓದಿ. ನೂರಾರು ಗುಂಪುಗಳ ಹಣಕ್ಕೆ ನೆರಳಾಗಿದ್ದ ಓಪನ್ ಕಲೆಕ್ಟಿವ್ ಫೌಂಡೇಶನ್ 2024ರಲ್ಲಿ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿದಾಗ ಅವೆಲ್ಲ ತಿಂಗಳುಗಳೊಳಗೆ ಹೊಸ ಆಸರೆ ಹುಡುಕಬೇಕಾಯಿತು. ಆಸರೆ ಕೊಟ್ಟವರು ಮುಚ್ಚಿದರೆ ನಿಮ್ಮ ಹಣ ಯಾರ ಕೈಗೆ, ಎಷ್ಟು ದಿನದಲ್ಲಿ ಹೋಗುತ್ತದೆ ಎಂಬುದು ಬರಹದಲ್ಲಿರಲಿ.

ನೀರಿನ ಉಪಕರಣದ ತಂಡ ಕೊನೆಗೂ ಬೆಲೆ ಏರಿಸಿತು. ಶಾಲೆಗಳಿಗೆ ಕಡಿಮೆ ದರ, ಸಂಸ್ಥೆಗಳಿಗೆ ಪೂರ್ತಿ ದರ. ವಿನ್ಯಾಸ ಮೊದಲಿನಂತೆಯೇ ಎಲ್ಲರಿಗೂ ತೆರೆದಿದೆ. ಕಳೆದ ಬಾರಿ ಆ ಹಿರಿಯರು ಹೊಸ ಪಟ್ಟಿ ತಂದಾಗ ಸಂಬಳದ ಸಾಲಿನಲ್ಲಿ ಇಬ್ಬರ ಅರ್ಧ ದಿನದ ದುಡಿಮೆಗೆ ಅಂಕಿ ಇತ್ತು. ಮಾತನಾಡುವಾಗ ಆ ಅಂಕಿಯ ಮೇಲೆ ಅಂಗೈ ಊರಿಕೊಂಡಿದ್ದರು. ಕೈ ತೆಗೆಯಲು ಹೇಳಿ, ಆ ಸಾಲಿನ ಪಕ್ಕದಲ್ಲಿ ಸರಿ ಗುರುತು ಹಾಕಿದೆ.