ಯುದ್ಧದ ನೆನಪು ಕೇಳಲು ಹೋದವರು ಅಡುಗೆಮನೆಗೂ ಹೋಗಿ

ನಿವೃತ್ತ ಸೈನಿಕರ ಮಾತು ರೆಕಾರ್ಡ್ ಮಾಡುವುದು ನನ್ನ ಕೆಲಸ. ಕಾಸರಗೋಡಿನ ಹೆಚ್ಚಿನ ಮನೆಗಳಲ್ಲಿ ಮೊದಲ ಭೇಟಿ ಒಂದೇ ರೀತಿ ಇರುತ್ತದೆ. ಚಾವಡಿಯಲ್ಲಿ ಕುರ್ಚಿ ಹಾಕುತ್ತಾರೆ. ಅಜ್ಜ ಪದಕ ತಂದಿಡುತ್ತಾರೆ. ಮೊಮ್ಮಗ ಪಕ್ಕದಲ್ಲಿ ನಿಂತು "ಅದನ್ನು ಹೇಳಿ ಅಜ್ಜಾ" ಅನ್ನುತ್ತಾನೆ. ಹತ್ತು ನಿಮಿಷದಲ್ಲಿ ಕಥೆ ಮುಗಿಯುತ್ತದೆ. ಅದು ಸುಳ್ಳಲ್ಲ. ಶಾಲೆಯ ಕಾರ್ಯಕ್ರಮಗಳಲ್ಲಿ ಹೇಳಿ ಹೇಳಿ ನಯವಾದ ಕಥೆ, ಅಷ್ಟೆ. ಅದರ ಹಿಂದೆ ಇರುವುದು ಬೇಕಾದರೆ ಎರಡನೇ ಸಲ, ಮೂರನೇ ಸಲ ಹೋಗಬೇಕು. ಆಗ ಯುದ್ಧದ ಬಗ್ಗೆ ಕೇಳಬೇಡಿ. ಊಟದ ಬಗ್ಗೆ ಕೇಳಿ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹುಡುಗನಿಗೆ ಅಲ್ಲಿ ಏನು ಸಿಕ್ಕಿತು, ಚಳಿಗೆ ಏನು ಹೊದ್ದ, ಪಕ್ಕದಲ್ಲಿ ಮಲಗುತ್ತಿದ್ದವನ ಭಾಷೆ ಯಾವುದು? ಮಾತು ತಾನಾಗಿಯೇ ಬರುತ್ತದೆ.

ಆದರೆ ನನಗೆ ಜಾಸ್ತಿ ಕಲಿಸಿದ್ದು ಬದಿಯಡ್ಕದ ಕಡೆಯ ಒಬ್ಬರು ಅಜ್ಜಿ. ನಾನು ಹೋದದ್ದು ಅವರ ಗಂಡನ ಮಾತು ಕೇಳಲು. ಅಜ್ಜ 1971ರಲ್ಲಿ ಪೂರ್ವದ ಗಡಿಯಲ್ಲಿದ್ದವರು. ಅಜ್ಜಿ ಕಾಫಿ ಕೊಟ್ಟು ಒಳಗೆ ಹೋದರು. ಲೋಟ ಇಡಲು ಹಿಂದೆಯೇ ಹೋದೆ. ಅಡಿಕೆ ಸುಲಿಯುತ್ತಾ ಕೂತಿದ್ದ ಅವರು, ತಲೆ ಎತ್ತದೆ ತುಳುವಿನಲ್ಲಿ ಹೇಳಿದರು: "ನನ್ನ ಹತ್ತಿರವೂ ಇದೆ, ಯಾರೂ ಕೇಳಲಿಲ್ಲ."

ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ, 13 ದಿನ. ಅಜ್ಜಿಯ ಲೆಕ್ಕ ಬೇರೆ. ಅವರ ಯುದ್ಧ ಮುಗಿದದ್ದು ಗಂಡನ ಕಾಗದ ಬಂದ ದಿನ. ಯಾವಾಗ ಬಂತು ಅಂದರೆ "ಕುಂಬಳೆ ಬೆಡಿಗೆ ಸ್ವಲ್ಪ ಮೊದಲು" ಅಂದರು. ಬೆಡಿ ಅಂದರೆ ಕುಂಬಳೆ ದೇವಸ್ಥಾನದ ಜಾತ್ರೆಯ ಸುಡುಮದ್ದು. ಆ ಜಾತ್ರೆ, ಅಂದರೆ ಕುಂಬಳೆ ಆಯನ, ಬರುವುದು ಮಕರ ಸಂಕ್ರಮಣದ ಹೊತ್ತಿಗೆ, ಜನವರಿಯಲ್ಲಿ. ಅಂದರೆ ಯುದ್ಧ ನಿಂತ ಮೇಲೂ ಸುಮಾರು ಒಂದು ತಿಂಗಳು ಆ ಮನೆಗೆ ಏನೂ ಗೊತ್ತಿರಲಿಲ್ಲ. ಅತ್ತೆ ದಿನಾ ಗೇಟಿನ ಹತ್ತಿರ ಹೋಗಿ "ಕಾಕಜಿ ಬತ್ತ್‌ಂಡಾ?" (ಕಾಗದ ಬಂತಾ?) ಎಂದು ಕೇಳುತ್ತಿದ್ದರಂತೆ. ಈ ಮಾತನ್ನು ನಾನು ತುಳುವಿನಲ್ಲೇ ಬರೆದಿಟ್ಟಿದ್ದೇನೆ. ನಮ್ಮೂರಲ್ಲಿ ಇದು ತುಂಬಾ ಮುಖ್ಯ. ತುಳು, ಮಲಯಾಳ, ಹವ್ಯಕ, ಕೊಂಕಣಿ, ಯಾವ ಭಾಷೆಯಲ್ಲಿ ನೆನಪು ಬರುತ್ತದೋ ಅದರಲ್ಲೇ ಹೇಳಲು ಬಿಡಿ. "ಕನ್ನಡದಲ್ಲಿ ಹೇಳಿ" ಅಂದ ಕೂಡಲೇ ಅವರು ಭಾಷಣ ಶುರು ಮಾಡುತ್ತಾರೆ.

ಆ ಕಾಗದ ಇನ್ನೂ ಅವರ ಟ್ರಂಕಿನಲ್ಲಿದೆ. ನೀಲಿ ಇನ್‌ಲ್ಯಾಂಡ್, ಮಡಿಕೆಯಲ್ಲಿ ಹರಿದಿದೆ. ಕಳಿಸಿದವರ ವಿಳಾಸದಲ್ಲಿ ಊರಿಲ್ಲ. ಹೆಸರು, ನಂಬರು, ತುಕಡಿ, ಕೊನೆಗೆ "99 ಎಪಿಒ". ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್. ಸೈನಿಕನಿರುವ ಜಾಗ ಗೊತ್ತಾಗಬಾರದು ಎಂದು ಸೇನೆಯ ಅಂಚೆ ಹೀಗೆ ವಿಳಾಸ ಕೊಡುತ್ತಿತ್ತು. 99 ಅಂದರೆ ಕಲ್ಕತ್ತಾದ ಮೂಲಕ ಹೋಗುವ ಟಪಾಲು, 56 ಅಂದರೆ ದಿಲ್ಲಿಯ ಮೂಲಕ. ಅಜ್ಜನ ನೆನಪಿನಲ್ಲಿ 1965 ಮತ್ತು 1971 ಒಮ್ಮೊಮ್ಮೆ ಬೆರೆಯುತ್ತಿತ್ತು. ನಾನು ತಿದ್ದಲಿಲ್ಲ. ತಿದ್ದಿದರೆ ಮಾತು ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಕಾಗದದ ಮುದ್ರೆ, ಡಿಸ್ಚಾರ್ಜ್ ಬುಕ್ಕು ನೋಡಿ ಪಕ್ಕದಲ್ಲಿ ಟಿಪ್ಪಣಿ ಹಾಕಿದೆ.

ಇಂಥ ಕಾಗದ ಇದ್ದರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಆಮೇಲೆ ಬಿಡಿಸಲು ಆಗುವುದಿಲ್ಲ. ಸೆಲೋಟೇಪಿನ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ನಮ್ಮ ಮಳೆಗಾಲಕ್ಕೆ ಪಿನ್ನು ತುಕ್ಕು ಹಿಡಿಯದೆ ಇರುತ್ತದೆಯೇ? ನುಸಿಗುಳಿಗೆ ಕಾಗದಕ್ಕೆ ತಾಗದಿರಲಿ. ಟ್ರಂಕನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ. ಎರಡೂ ಬದಿಯ ಫೋಟೋ ನೆರಳಿನ ಬೆಳಕಿನಲ್ಲಿ ತೆಗೆದು ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಎರಡನೇ ಮಹಾಯುದ್ಧದ ನೆನಪಿಗಂತೂ ಸಮಯವೇ ಉಳಿದಿಲ್ಲ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿಗಳ ಕೈಸೇರಿ ಬರ್ಮಾ ಅಕ್ಕಿ ನಿಂತಾಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ. ರೇಷನ್ನಿನ ಸಾಲು, ಗೆಣಸು ಬೇಯಿಸಿ ತಿಂದ ರಾತ್ರಿಗಳು, ಇವನ್ನು ಅವರು ಯುದ್ಧ ಎಂದು ಕರೆಯುವುದೇ ಇಲ್ಲ. "ಅಕ್ಕಿ ಇಲ್ಲದ ವರ್ಷ" ಅನ್ನುತ್ತಾರೆ. ಹಾಗೆಯೇ ಕೇಳಿ.

ಒಮ್ಮೆ ಒಬ್ಬರು ಹವಾಲ್ದಾರರ ಮಾತನ್ನು ಮಳೆ ನಿಂತ ಮೇಲೆ ತೆಗೆದುಕೊಳ್ಳೋಣ ಎಂದು ಮುಂದೆ ಹಾಕಿದೆ. ಹೆಂಚಿನ ಮೇಲೆ ಮಳೆ ಬಿದ್ದರೆ ಧ್ವನಿ ಹಾಳಾಗುತ್ತದೆ, ಅಲ್ವಾ? ಆಟಿ ತಿಂಗಳಲ್ಲೇ, ಮಳೆ ನಿಲ್ಲುವ ಮೊದಲೇ, ಅವರಿಗೆ ಪಕ್ಷವಾತ ಬಂತು, ಮಾತು ಹೋಯಿತು. ಈಗ ಮಳೆ ಬಂದರೂ ರೆಕಾರ್ಡ್ ಮಾಡುತ್ತೇನೆ.

ಇನ್ನೊಂದು ವಿಷಯ. ಮಾತಾಡುತ್ತಾ ಯಾರಾದರೂ ಸುಮ್ಮನಾದರೆ ಕಾಯಿರಿ, ಕೆದಕಬೇಡಿ. "ನಿಲ್ಲಿಸಲಾ?" ಎಂದು ಕೇಳಿ. ಅತಿ ಕಷ್ಟದ ಜಾಗದಲ್ಲಿ ಬಿಟ್ಟು ಎದ್ದು ಬರಬೇಡಿ. ಊರಿಗೆ ಮರಳಿದ ದಿನದ ಬಗ್ಗೆ ಕೇಳಿ, ಆ ರಾತ್ರಿ ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂದು ನೋಡಿಕೊಂಡು ಹೊರಡಿ.

ಬದಿಯಡ್ಕದ ಮನೆಗೆ ಧ್ವನಿಯ ಪ್ರತಿ ಕೊಡಲು ಹೋದಾಗ ಅಜ್ಜಿಯ ಭಾಗವನ್ನು ಅಜ್ಜನೂ ಕೂತು ಕೇಳಿದರು. ಮುಗಿದ ಮೇಲೆ ಅಜ್ಜಿಯ ಕಡೆ ತಿರುಗಿ ಕೇಳಿದರು: "ಒಂದು ತಿಂಗಳಾ?"